ಗೋಡೆಯ ಆಸರೆಯ ಅರ್ಧ ಉತ್ತಾನಾಸನ: ಬೆನ್ನು, ಹೆಗಲಿನ ಬಿಗಿತಕ್ಕೆ ಒಂದು ಸೌಮ್ಯ ಅಭ್ಯಾಸ

ಬೆನ್ನು ಮತ್ತು ಹೆಗಲಿನ ಬಿಗಿತವನ್ನು ಸಡಿಲಿಸಲು ಯೋಗಶಿಕ್ಷಕರು ಕಲಿಸುವ ಆಸನಗಳಲ್ಲಿ, ಎರಡೂ ಅಂಗೈಗಳನ್ನು ಗೋಡೆಗೆ ಊರಿ, ಸೊಂಟದ ಕೀಲಿನಿಂದ ಮುಂದಕ್ಕೆ ಬಾಗಿ, ಬೆನ್ನನ್ನು ಉದ್ದಕ್ಕೆ ಚಾಚಿ ನಿಲ್ಲುವ ಅರ್ಧ ಉತ್ತಾನಾಸನವು ಬಹಳ ಕಡಿಮೆ ಸಿದ್ಧತೆಯನ್ನು ಬೇಡುವಂಥದ್ದು. ಉತ್ತಾನಾಸನವೆಂದರೆ ನಿಂತಲ್ಲಿಂದಲೇ ಪೂರ್ತಿಯಾಗಿ ಮುಂದಕ್ಕೆ ಬಾಗಿ ಅಂಗೈಗಳನ್ನು ಪಾದಗಳ ಪಕ್ಕದಲ್ಲಿ ನೆಲಕ್ಕೆ ತಾಗಿಸುವ ಆಸನ. ಅದರ ಅರ್ಧದಾರಿಯಲ್ಲಿ, ಅಂದರೆ ಮುಂಡವು ನೆಲಕ್ಕೆ ಸಮಾನಾಂತರವಾಗಿರುವ ಹಂತದಲ್ಲೇ ನಿಲ್ಲುವುದರಿಂದ ಇದಕ್ಕೆ ಈ ಹೆಸರು. ಇಲ್ಲಿ ನೆಲದ ಮೇಲೆ ಕೂರಬೇಕಾಗಿಲ್ಲ, ಮಂಡಿ ಊರಬೇಕಾಗಿಲ್ಲ, ತಲೆಯನ್ನು ಹೃದಯದ ಮಟ್ಟಕ್ಕಿಂತ ಕೆಳಕ್ಕೆ ಇಳಿಸಬೇಕಾಗಿಯೂ ಇಲ್ಲ. ಹೀಗಾಗಿ ಚಾಪೆಯಿಂದ ಎದ್ದೇಳಲು ಕಷ್ಟಪಡುವ ಹಿರಿಯರೂ, ಕಚೇರಿಯ ಬಿಡುವಿನಲ್ಲಿ ಎರಡು ನಿಮಿಷ ಮಾತ್ರ ಸಿಗುವ ನೌಕರರೂ ಇದನ್ನು ಮಾಡಬಲ್ಲರು. ಆದರೆ ಎಷ್ಟು ಕೆಳಕ್ಕೆ ಬಾಗಿದರೆ ಅಷ್ಟು ಲಾಭವೆಂಬ ಎಣಿಕೆಯಿಂದ ಬಹುತೇಕರು ಇದನ್ನು ತಪ್ಪಾಗಿ ಮಾಡುತ್ತಾರೆ. ಬಾಗಿದ ಪ್ರಮಾಣವನ್ನು ನೋಡದೆ, ಬಾಗಿದಾಗ ಬೆನ್ನು ಎಷ್ಟು ನೀಳವಾಗಿ ಉಳಿಯಿತು ಎಂಬುದನ್ನು ನೋಡಿದರೆ ಮಾತ್ರ ಈ ಆಸನದ ಪ್ರಯೋಜನ ಕೈಗೆ ಸಿಗುತ್ತದೆ.

ಆಸನದ ಹಿನ್ನೆಲೆ

ಸುಮಾರು 15ನೆಯ ಶತಮಾನದ ಹಠಯೋಗಪ್ರದೀಪಿಕೆಯಲ್ಲಿ ಸ್ವಾತ್ಮಾರಾಮನು ವರ್ಣಿಸುವ 15 ಆಸನಗಳಲ್ಲಿ ಹೆಚ್ಚಿನವು ಕುಳಿತು ಮಾಡುವಂಥವು. ನಿಂತು ಮಾಡುವ ಆಸನಗಳು ಇಂದಿನಷ್ಟು ಪ್ರಾಧಾನ್ಯ ಪಡೆದದ್ದು 20ನೆಯ ಶತಮಾನದಲ್ಲಿ, ಅದರಲ್ಲೂ ವಿಶೇಷವಾಗಿ ಮೈಸೂರಿನಲ್ಲಿ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು, ಮತ್ತು 1934ರಲ್ಲಿ ಪ್ರಕಟವಾದ ‘ಯೋಗಮಕರಂದ’ವನ್ನು ಕನ್ನಡದಲ್ಲೇ ಬರೆದರು, ಉತ್ತಾನಾಸನದ ವಿವರಣೆ ಅದರಲ್ಲಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಬಾಲ್ಯದಲ್ಲಿ ಮಲೇರಿಯಾ, ಕ್ಷಯ, ವಿಷಮಶೀತ ಜ್ವರಗಳಿಂದ ಸೊರಗಿದ್ದ ಬಿ.ಕೆ.ಎಸ್. ಅಯ್ಯಂಗಾರ್ ಅವರು, ತಮ್ಮ ಅಕ್ಕನ ಗಂಡನೂ ಆಗಿದ್ದ ಈ ಗುರುವಿನ ಬಳಿಗೆ ಮೈಸೂರಿಗೆ ಬಂದು ಯೋಗ ಕಲಿತು, 1937ರಲ್ಲಿ ಪುಣೆಗೆ ಹೋಗಿ ಅಲ್ಲಿಯೇ ನೆಲೆಸಿದರು. ಗೋಡೆ, ಕುರ್ಚಿ, ಹಗ್ಗ, ಮರದ ದಿಮ್ಮಿ, ಮಡಿಸಿದ ಕಂಬಳಿಗಳಂಥ ಸಾಧನಗಳನ್ನು ಆಸನಕ್ಕೆ ಆಸರೆಯಾಗಿ ಬಳಸುವ ಕ್ರಮವನ್ನು ವ್ಯವಸ್ಥಿತವಾಗಿ ಬೆಳೆಸಿದ ಕೀರ್ತಿ ಅವರದು. ಗೋಡೆಯನ್ನು ಆಶ್ರಯಿಸುವುದು ಅಭ್ಯಾಸಿಯ ದೌರ್ಬಲ್ಯದ ಗುರುತೆಂದು ಭಾವಿಸುವವರು ಇಂದಿಗೂ ಇದ್ದಾರೆ. ಆದರೆ ರೋಗಪೀಡಿತ ದೇಹದ ಕಷ್ಟವನ್ನು ಸ್ವತಃ ಉಂಡಿದ್ದ ಒಬ್ಬ ಶಿಕ್ಷಕರು ಈ ಸಾಧನಗಳಿಗೆ ಅಷ್ಟು ಮಹತ್ವ ಕೊಟ್ಟರೆಂಬುದನ್ನು ಅಂಥವರು ಗಮನಿಸಬೇಕು.

ಬೆನ್ನೂ ಹೆಗಲೂ ಒಟ್ಟಿಗೇ ಏಕೆ?

ಬೆನ್ನೆಲುಬು ಒಂದೇ ಮೂಳೆಯಲ್ಲ. ಅದು ಒಂದರ ಮೇಲೊಂದು ಕುಳಿತ ಕಶೇರುಗಳೆಂಬ ಸಣ್ಣ ಮೂಳೆಗಳ ಸಾಲು. ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಕೆಳಬೆನ್ನಿನಲ್ಲಿ 5, ಹೀಗೆ 24 ಕಶೇರುಗಳು ಬಿಡಿಬಿಡಿಯಾಗಿ ಚಲಿಸಬಲ್ಲವಾಗಿದ್ದು, ಅವುಗಳ ಕೆಳಗಿನವು ಪ್ರಾಯದ ಹೊತ್ತಿಗೆ ಒಂದಕ್ಕೊಂದು ಬೆಸೆದುಕೊಂಡು ತ್ರಿಕಾಸ್ಥಿ ಮತ್ತು ಬಾಲಮೂಳೆಗಳಾಗುತ್ತವೆ. ಚಲಿಸುವ ಕಶೇರುಗಳ ನಡುವೆ ಡಿಸ್ಕ್ ಎಂದು ಎಲ್ಲರೂ ಕರೆಯುವ ಮೆತ್ತನೆಯ ಬಿಲ್ಲೆಗಳಿವೆ. ವಯಸ್ಕರಲ್ಲಿ ಈ ಬಿಲ್ಲೆಗಳ ಒಳಭಾಗಕ್ಕೆ ನೇರವಾದ ರಕ್ತನಾಳಗಳಿಲ್ಲದಿರುವುದರಿಂದ, ಸುತ್ತಲಿನ ಅಂಗಾಂಶದಿಂದ ನಿಧಾನವಾಗಿ ಒಸರಿ ಬರುವ ದ್ರವವೇ ಅವುಗಳಿಗೆ ಪೋಷಣೆ, ಮತ್ತು ಆ ಒಸರುವಿಕೆಗೆ ದೇಹದ ಚಲನೆಯಿಂದ ನೆರವು ಸಿಗುತ್ತದೆ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿರುವುದು ಬೆನ್ನಿಗೆ ಹಿತವಲ್ಲದಿರಲು ಇದೂ ಒಂದು ಕಾರಣ.

ಹೆಗಲಿನ ವಿಷಯಕ್ಕೆ ಬಂದರೆ, ತೋಳನ್ನು ಪಕ್ಕದಿಂದ ತಲೆಯ ಮೇಲಕ್ಕೆ ಪೂರ್ತಿ ಎತ್ತುವ ಸುಮಾರು 180 ಡಿಗ್ರಿಯ ಚಲನೆಯಲ್ಲಿ ತೋಳಿನ ಕೀಲು ಸ್ಥೂಲವಾಗಿ 120 ಡಿಗ್ರಿಯನ್ನು ಕೊಡುತ್ತದೆ. ಉಳಿದ 60 ಡಿಗ್ರಿ ಬರುವುದು ಬೆನ್ನಿನ ಮೇಲ್ಭಾಗದಲ್ಲಿ ತ್ರಿಕೋನಾಕಾರವಾಗಿ ಕುಳಿತಿರುವ ಹೆಗಲಮೂಳೆಯು ಪಕ್ಕೆಲುಬುಗಳ ಮೇಲೆ ಜಾರಿ ತಿರುಗುವುದರಿಂದ. ಮೇಲ್ಬೆನ್ನು ಗೂನಾಗಿದ್ದರೆ ಹೆಗಲಮೂಳೆಗೆ ಹಾಗೆ ತಿರುಗಲು ಅವಕಾಶ ಕುಗ್ಗಿ, ತೋಳು ಅರ್ಧದಲ್ಲೇ ನಿಲ್ಲುತ್ತದೆ. ಇದಲ್ಲದೆ, ಲ್ಯಾಟಿಸಿಮಸ್ ಡಾರ್ಸೈ ಎಂಬ ಅಗಲವಾದ ಸ್ನಾಯುವು ಸೊಂಟದ ಮೂಳೆಯ ಅಂಚು ಮತ್ತು ಕೆಳಬೆನ್ನಿನ ಕಶೇರುಗಳಿಂದ ಹೊರಟು, ಬೆನ್ನಿನ ಇಕ್ಕೆಲಗಳನ್ನು ಆವರಿಸಿ, ಕಂಕುಳಿನ ಮೂಲಕ ಹಾದು ತೋಳಿನ ಮೂಳೆಯ ಮೇಲ್ತುದಿಗೆ ಅಂಟಿಕೊಳ್ಳುತ್ತದೆ. ಒಂದು ತುದಿ ಸೊಂಟದಲ್ಲೂ ಇನ್ನೊಂದು ತುದಿ ತೋಳಿನಲ್ಲೂ ಇರುವ ಈ ಸ್ನಾಯುವನ್ನು ಹಿಗ್ಗಿಸಬೇಕಾದರೆ ಎರಡೂ ತುದಿಗಳನ್ನು ಒಂದರಿಂದೊಂದು ದೂರ ಒಯ್ಯಬೇಕು. ಒಗೆದ ಸೀರೆಯ ಸುಕ್ಕು ಬಿಡಿಸಲು ಇಬ್ಬರು ಎರಡು ಸೆರಗು ಹಿಡಿದು ಎದುರುಬದುರಾಗಿ ಎಳೆಯುವಂತೆ, ಅರ್ಧ ಉತ್ತಾನಾಸನದಲ್ಲಿ ಅಂಗೈಗಳು ಗೋಡೆಯ ಕಡೆಗೂ ಸೊಂಟವು ಗೋಡೆಯಿಂದ ಆಚೆಗೂ ಹೋಗುವುದರಿಂದ ನಡುವಿನ ಬೆನ್ನೆಲ್ಲವೂ ನೀಳವಾಗುತ್ತದೆ.

ಈ ಎಳೆತಕ್ಕೆ ಅಡ್ಡಿ ಬರುವುದು ಅನೇಕ ವೇಳೆ ಬೆನ್ನೇ ಅಲ್ಲ, ತೊಡೆಯ ಹಿಂಭಾಗ. ಅಲ್ಲಿನ ಸ್ನಾಯುಗಳು ಕುಳಿತಾಗ ಪೀಠಕ್ಕೆ ತಾಗುವ ಮೂಳೆಯಿಂದ ಹೊರಟು ಮಂಡಿಯ ಕೆಳಗೆ ಕೊನೆಗೊಳ್ಳುತ್ತವೆ. ಅವು ಮೊಟಕಾಗಿದ್ದವರು ಮಂಡಿಯನ್ನು ಬಿಗಿಯಾಗಿ ನೆಟ್ಟಗಿಟ್ಟುಕೊಂಡು ಬಾಗಿದರೆ, ಶ್ರೋಣಿಯು, ಅಂದರೆ ಬೆನ್ನೆಲುಬಿನ ತಳವನ್ನೂ ಎರಡು ತೊಡೆಮೂಳೆಗಳನ್ನೂ ಕೂಡಿಸುವ ಮೂಳೆಗಳ ವರ್ತುಲವು, ಹಿಂದಕ್ಕೆ ಜಗ್ಗಲ್ಪಟ್ಟು ಮುಂದಕ್ಕೆ ಹೊರಳಲಾರದಾಗುತ್ತದೆ. ಆಗ ಬಾಗುವ ಕೆಲಸವೆಲ್ಲ ಕೆಳಬೆನ್ನಿನ ಮೇಲೆ ಬಿದ್ದು, ಅದು ಗೂನಾಗಿ, ಡಿಸ್ಕ್‌ಗಳ ಮುಂಭಾಗ ಅದುಮಿ ಹಿಂಭಾಗದ ಮೇಲೆ ಒತ್ತಡ ಹೆಚ್ಚುತ್ತದೆ. ಮಂಡಿಯನ್ನು ತುಸು ಮಡಿಸಿದ ಕೂಡಲೇ ಆ ಸ್ನಾಯುಗಳು ಸಡಿಲಗೊಂಡು ಶ್ರೋಣಿಗೆ ಹೊರಳಲು ಅವಕಾಶ ಸಿಗುತ್ತದೆ. ಆದುದರಿಂದ ಮಂಡಿ ಮಡಿಸುವುದು ಈ ಆಸನದಲ್ಲಿ ರಿಯಾಯಿತಿಯಲ್ಲ, ಬಹುಪಾಲು ಆರಂಭಿಕರಿಗೆ ಅದೇ ಸರಿಯಾದ ವಿಧಾನ.

ಅಭ್ಯಾಸದ ಕ್ರಮ

ಸ್ಥಳ ಮತ್ತು ಸಮಯದ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಚಿತ್ರಪಟ, ಸ್ವಿಚ್, ಮೊಳೆಗಳಿಲ್ಲದ ಬರಿಯ ಗೋಡೆ ಬೇಕು. ಟೈಲ್ಸ್ ಅಥವಾ ಗ್ರಾನೈಟ್ ನೆಲ ಜಾರುವುದರಿಂದ ಕಾಲುಚೀಲ ತೆಗೆದು, ಒದ್ದೆ ಪಾದಗಳನ್ನು ಒರೆಸಿಕೊಂಡು ಬರಿಗಾಲಿನಲ್ಲಿ ನಿಲ್ಲಬೇಕು. ಜಾರುವ ಜಮಖಾನೆಯ ಮೇಲೆ ನಿಲ್ಲಬಾರದು. ಊಟವಾಗಿ ಎರಡು ಮೂರು ಗಂಟೆ ಕಳೆದಿರಬೇಕು. ಹಾಸಿಗೆಯಿಂದ ಎದ್ದ ತಕ್ಷಣ ಈ ಅಭ್ಯಾಸಕ್ಕೆ ತೊಡಗದಿರುವುದು ಒಳ್ಳೆಯದು. ರಾತ್ರಿ ಮಲಗಿದ್ದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುವುದರಿಂದ, ಮನುಷ್ಯನ ಎತ್ತರವೇ ಬೆಳಗ್ಗೆ ಸುಮಾರು 1 ಸೆಂಟಿಮೀಟರ್ ಹೆಚ್ಚಿರುತ್ತದೆ ಮತ್ತು ಆ ಹೊತ್ತಿನಲ್ಲಿ ಬಾಗಿದರೆ ಡಿಸ್ಕ್‌ಗಳ ಮೇಲೆ ಬೀಳುವ ಒತ್ತಡವೂ ಹೆಚ್ಚು. ಒಂದು ಗಂಟೆ ಓಡಾಡಿ ಮನೆಗೆಲಸ ಮಾಡಿದ ಮೇಲೆ, ಇಲ್ಲವೇ ಸಂಜೆ, ದೇಹ ಇದಕ್ಕೆ ಹೆಚ್ಚು ಸಿದ್ಧವಾಗಿರುತ್ತದೆ.

ಅಭ್ಯಾಸಿಯು ಗೋಡೆಗೆ ಮುಖಮಾಡಿ ನಿಂತು, ಎರಡೂ ಅಂಗೈಗಳನ್ನು ಹೆಗಲಿನಷ್ಟು ಅಂತರದಲ್ಲಿ, ಎದೆಯ ಎತ್ತರದಲ್ಲಿ, ಬೆರಳುಗಳು ಅಗಲವಾಗಿ ಹರಡಿ ಮೇಲ್ಮುಖವಾಗಿರುವಂತೆ ಗೋಡೆಗೆ ಊರಬೇಕು. ಪಾದಗಳು ಸೊಂಟದಷ್ಟು ಅಗಲಕ್ಕೆ ಒಂದಕ್ಕೊಂದು ಸಮಾನಾಂತರವಾಗಿರಲಿ. ಅಂಗೈಗಳನ್ನು ಕದಲಿಸದೆ ಒಂದೊಂದೇ ಹೆಜ್ಜೆಯಾಗಿ ಹಿಂದಕ್ಕೆ ಸರಿಯುತ್ತ, ಹೆಜ್ಜೆಯೊಡನೆ ಸೊಂಟದ ಕೀಲಿನಿಂದ ಮುಂದಕ್ಕೆ ಬಾಗುತ್ತ ಹೋಗಬೇಕು. ಸೊಂಟದ ಕೀಲು ಎಲ್ಲಿದೆಯೆಂದು ತಿಳಿಯದವರು ತೊಡೆಯೂ ಹೊಟ್ಟೆಯೂ ಕೂಡುವ ಮಡಿಕೆಯಲ್ಲಿ ಬೆರಳಿಟ್ಟು ನೋಡಬಹುದು. ಮಡಿಕೆ ಬೀಳಬೇಕಾದದ್ದು ಅಲ್ಲಿ, ಹೊಕ್ಕುಳಿನ ಹತ್ತಿರವಲ್ಲ. ತೋಳುಗಳು ಪೂರ್ತಿ ಚಾಚಿಕೊಂಡು, ಪಾದಗಳು ಸೊಂಟದ ನೇರ ಕೆಳಗೆ ಬಂದಾಗ ನಿಲ್ಲಬೇಕು. ಮೊದಲ ಕೆಲವು ವಾರ ಅಂಗೈಗಳು ಎದೆಯ ಎತ್ತರದಲ್ಲೇ ಇದ್ದು ಮುಂಡವು ಓರೆಯಾಗಿದ್ದರೆ ಸಾಕು. ಬೆನ್ನು ಗೂನಾಗದೆ ಉಳಿಯುತ್ತಿದೆಯೆಂದು ಖಚಿತವಾದ ಮೇಲೆ ಮಾತ್ರ, ಪ್ರತಿ ಸಲ ನಾಲ್ಕು ಬೆರಳಿನಷ್ಟು ಕೆಳಗೆ ಅಂಗೈಗಳನ್ನಿಟ್ಟು, ಕಡೆಗೆ ಸೊಂಟದ ಎತ್ತರಕ್ಕೆ ತರಬಹುದು. ಆಸನವನ್ನು ಸುಲಭಗೊಳಿಸುವುದೂ ಕಠಿಣಗೊಳಿಸುವುದೂ ಗೋಡೆಯ ಮೇಲೆ ಅಂಗೈ ಇರುವ ಈ ಎತ್ತರವೇ.

ಈ ಸ್ಥಿತಿಯಲ್ಲಿ ನಿಂತ ಬಳಿಕ ನಿಜವಾದ ಕೆಲಸ ತೊಡಗುತ್ತದೆ. ಉಸಿರನ್ನು ಒಳಕ್ಕೆ ಎಳೆದುಕೊಳ್ಳುವಾಗ ಅಂಗೈಗಳಿಂದ, ವಿಶೇಷವಾಗಿ ತೋರುಬೆರಳು ಮತ್ತು ಹೆಬ್ಬೆರಳಿನ ಬುಡದಿಂದ, ಗೋಡೆಯನ್ನು ಮೃದುವಾಗಿ ಒತ್ತಬೇಕು. ಹೊರಕ್ಕೆ ಬಿಡುವಾಗ ಪೃಷ್ಠವನ್ನು ಗೋಡೆಯಿಂದ ಆಚೆಗೆ, ಹಿಂದಕ್ಕೆ, ಒಯ್ಯಬೇಕು. ಹೆಗಲು ಕಿವಿಯ ಕಡೆಗೆ ಏರಿ ಕತ್ತನ್ನು ಹಿಸುಕದಂತೆ, ತೋಳಿನ ಮೇಲ್ಭಾಗವನ್ನು ಹೊರಮುಖವಾಗಿ ತುಸು ತಿರುಗಿಸಿದರೆ ಹೆಗಲಮೂಳೆಗಳು ಅಗಲಗೊಂಡು ಕತ್ತಿನ ಬುಡ ಹಗುರವಾಗುತ್ತದೆ. ತಲೆಯು ಎರಡು ತೋಳುಗಳ ನಡುವೆ, ಕಿವಿಗಳು ರಟ್ಟೆಯ ಸಾಲಿನಲ್ಲಿರುವಂತೆ ಇದ್ದು, ದೃಷ್ಟಿ ನೆಲದ ಮೇಲಿರಲಿ. ಗೋಡೆಯನ್ನು ನೋಡಲು ಗದ್ದ ಎತ್ತುವುದು, ಸೋತವರಂತೆ ತಲೆಯನ್ನು ತೂಗುಬಿಡುವುದು, ಎರಡೂ ಕತ್ತಿಗೆ ಹೊರೆ. ವಯಸ್ಕರ ತಲೆಯ ತೂಕ 4ರಿಂದ 5 ಕಿಲೋಗ್ರಾಂ ಇರುತ್ತದೆ ಎಂಬುದನ್ನು ಮರೆಯಬಾರದು. ಕಿಬ್ಬೊಟ್ಟೆಯನ್ನು ಬಿಗಿಯದೆ, ಲಘುವಾಗಿ ಮೇಲಕ್ಕೆ ಎಳೆದುಕೊಂಡರೆ ಸೊಂಟವು ಕೆಳಕ್ಕೆ ಕುಸಿಯುವುದಿಲ್ಲ.

ಸ್ವಭಾವತಃ ಕೀಲುಗಳು ಸಡಿಲವಾಗಿರುವವರಿಗೆ, ಅದರಲ್ಲೂ ನೃತ್ಯಾಭ್ಯಾಸ ಮಾಡಿದವರಿಗೆ ಮತ್ತು ಹದಿಹರೆಯದವರಿಗೆ, ಇಲ್ಲಿ ಬೇರೆಯೇ ಎಚ್ಚರ ಬೇಕು. ಅವರು ಎದೆಯನ್ನು ನೆಲದ ಕಡೆಗೆ ಒತ್ತಿ, ಕಂಕುಳುಗಳನ್ನು ಜೋಲುಬಿಟ್ಟು, ಬೆನ್ನು ತೊಟ್ಟಿಲಿನ ಆಕಾರಕ್ಕೆ ತಗ್ಗಿದ್ದನ್ನೇ ಸಾಧನೆಯೆಂದುಕೊಳ್ಳುತ್ತಾರೆ. ಆಗ ಸ್ನಾಯು ಹಿಗ್ಗುವ ಬದಲು ಹೆಗಲಿನ ಕೀಲನ್ನು ಹಿಡಿದಿರುವ ಅಸ್ಥಿರಜ್ಜುಗಳು, ಅಂದರೆ ಮೂಳೆಯನ್ನು ಮೂಳೆಗೆ ಕಟ್ಟಿರುವ ಗಟ್ಟಿ ಪಟ್ಟಿಗಳು, ಎಳೆಯಲ್ಪಡುತ್ತವೆ. ಅಂಥವರು ಕೆಳಪಕ್ಕೆಲುಬುಗಳನ್ನು ಒಳಕ್ಕೆ ಎತ್ತಿಕೊಂಡು, ಗೋಡೆಯನ್ನು ಇನ್ನಷ್ಟು ದೃಢವಾಗಿ ಒತ್ತುವುದೇ ಪರಿಹಾರ.

ಬೆನ್ನು ನೇರವಾಗಿದೆಯೇ ಗೂನಾಗಿದೆಯೇ ಎಂಬುದು ಮಾಡುವವರಿಗೆ ಕಾಣುವುದಿಲ್ಲವಾದ್ದರಿಂದ, ಮನೆಯವರೊಬ್ಬರ ನೆರವು ಪಡೆದು ಪರೀಕ್ಷಿಸುವುದು ಉಪಯುಕ್ತ. ಹಗುರವಾದ ಉದ್ದ ಕೋಲನ್ನು, ಉದಾಹರಣೆಗೆ ನೆಲ ಒರೆಸುವ ಮಾಪಿನ ಹಿಡಿಯನ್ನು, ಬೆನ್ನಿನ ಉದ್ದಕ್ಕೂ ಇಟ್ಟು ನೋಡಿದಾಗ ಅದು ತಲೆಯ ಹಿಂಭಾಗ, ಹೆಗಲಮೂಳೆಗಳ ನಡುವಿನ ಜಾಗ ಮತ್ತು ತ್ರಿಕಾಸ್ಥಿ, ಈ ಮೂರು ಕಡೆ ತಾಗಿ, ಕತ್ತು ಮತ್ತು ಕೆಳಬೆನ್ನಿನ ಬಳಿ ಸ್ವಲ್ಪ ಸಂದು ಬಿಟ್ಟರೆ ಬೆನ್ನು ತನ್ನ ಸಹಜ ಆಕಾರದಲ್ಲಿದೆ ಎಂದರ್ಥ. ಕೆಳಬೆನ್ನು ಕೋಲನ್ನು ಮೇಲಕ್ಕೆ ದೂಡುತ್ತಿದ್ದರೆ ಅಂಗೈಗಳನ್ನು ಎತ್ತರಿಸಬೇಕು, ಇಲ್ಲವೇ ಮಂಡಿಗಳನ್ನು ಇನ್ನಷ್ಟು ಮಡಿಸಬೇಕು.

ನಾಲ್ಕೈದು ನಿಧಾನ ಉಸಿರಾಟಗಳಷ್ಟು ಕಾಲ, ಸುಮಾರು 30 ಸೆಕೆಂಡು, ನಿಂತರೆ ಸಾಕು. ನಡುವೆ ವಿಶ್ರಮಿಸಿ ಮೂರು ಸಲ ಮಾಡಬಹುದು. ಜಗ್ಗಿ ಜಗ್ಗಿ ಬಾಗುವುದು ಬೇಡ. ಸ್ನಾಯುವನ್ನು ಏಕಾಏಕಿ ಎಳೆದಾಗ ಅದರೊಳಗಿನ ಸಂವೇದಕಗಳು ಅದನ್ನು ಅಪಾಯವೆಂದು ಗ್ರಹಿಸಿ ಆ ಸ್ನಾಯುವನ್ನೇ ಸಂಕುಚಿಸುವಂತೆ ಮಾಡುತ್ತವೆ. ನಿಧಾನವಾಗಿ ಎಳೆದು ನಿಂತಾಗ ಆ ಪ್ರತಿರೋಧ ಕ್ರಮೇಣ ಇಳಿಯುತ್ತದೆ. ಉಸಿರು ಬಿಗಿಹಿಡಿದಂತಾದರೆ ಅಥವಾ ತುಂಡಾದರೆ ಮಿತಿಮೀರಿತೆಂದೇ ತಿಳಿಯಬೇಕು. ಕಂಕುಳಿನ ಹಿಂಭಾಗ, ಬೆನ್ನಿನ ಇಕ್ಕೆಲ, ತೊಡೆಯ ಹಿಂಭಾಗಗಳಲ್ಲಿ ಮಂದವಾದ, ಹರಡಿದಂಥ ಎಳೆತ ಅನುಭವವಾಗುವುದು ಸಹಜ. ಚುಚ್ಚಿದಂತೆ, ಸೆಳೆದಂತೆ, ಜೋಮು ಹಿಡಿದಂತೆ ಆಗುವುದು ಸಹಜವಲ್ಲ.

ಹೊರಬರುವಾಗ ಅಲ್ಲಿಂದಲೇ ತಟ್ಟನೆ ಮೇಲೇಳದೆ, ಮಂಡಿಗಳನ್ನು ಮಡಿಸಿ, ಗೋಡೆಯ ಕಡೆಗೆ ಹೆಜ್ಜೆಯಿಡುತ್ತ, ಅಂಗೈಗಳನ್ನು ಗೋಡೆಯ ಮೇಲೆಯೇ ಮೇಲಕ್ಕೆ ಸರಿಸುತ್ತ ನೆಟ್ಟಗಾಗಬೇಕು. ರಕ್ತದೊತ್ತಡದ ಔಷಧ ಸೇವಿಸುವವರಿಗೂ ವಯಸ್ಸಾದವರಿಗೂ ಬೇಗನೆ ಎದ್ದಾಗ ಕಣ್ಣು ಕತ್ತಲಿಡುವ ಸಾಧ್ಯತೆಯಿರುವುದರಿಂದ, ಅವರು ಮುಂಗೈಗಳನ್ನು ಗೋಡೆಗೊರಗಿಸಿ, ಹಣೆಯನ್ನು ಅವುಗಳ ಮೇಲಿಟ್ಟು ಕೆಲವು ಉಸಿರಿನ ಕಾಲ ಸುಧಾರಿಸಿಕೊಳ್ಳಬೇಕು. ಆ ಬಳಿಕ ಕೈಗಳನ್ನು ಬೆನ್ನ ಹಿಂದೆ ಹೆಣೆದು, ಎದೆಯನ್ನು ಮುಂದಕ್ಕೆ ತೆರೆದು ಎರಡು ಮೂರು ಸಲ ಉಸಿರಾಡಿದರೆ ಹೆಗಲಿನ ಮುಂಭಾಗದ ಸ್ನಾಯುಗಳಿಗೂ ಬಿಡುವು ಸಿಗುತ್ತದೆ.

ಗೋಡೆಯೇ ಬೇಕೆಂದೇನೂ ಇಲ್ಲ. ಅಡುಗೆಮನೆಯ ಕಟ್ಟೆ, ಭಾರವಾದ ಮೇಜು, ಕಿಟಕಿಯ ಕಟ್ಟೆ ಇವುಗಳ ಅಂಚನ್ನು ಹಿಡಿದೂ ಇದೇ ರೀತಿ ಹಿಂದಕ್ಕೆ ಸರಿಯಬಹುದು. ಮಣಿಕಟ್ಟಿನಲ್ಲಿ ನೋವಿರುವವರಿಗೆ ಅಂಗೈಯನ್ನು ಗೋಡೆಗೆ ಒತ್ತುವುದಕ್ಕಿಂತ ಹೀಗೆ ಹಿಡಿಯುವುದೇ ಹಿತ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆಯಾದ್ದರಿಂದ ಅದನ್ನು ಗೋಡೆಗೆ ಆನಿಸದೆ ಬಳಸಬಾರದು. ನಿಂತಿರಲಾರದವರು ಕುರ್ಚಿಯ ಮೇಲೆ ಕುಳಿತು, ಎದುರಿನ ಮೇಜಿನ ಮೇಲೆ ಕೈಗಳನ್ನು ಚಾಚಿ, ಸೊಂಟದಿಂದ ಮುಂದಕ್ಕೆ ವಾಲಿದರೂ ಹೆಗಲಿಗೆ ಬಹುತೇಕ ಇದೇ ಫಲ ಸಿಗುತ್ತದೆ.

ಬೆನ್ನಿನ ಬಾಧೆಯೆಂದರೆ ಕಂಪ್ಯೂಟರ್ ಮುಂದೆ ಕೂರುವವರದೇ ಎಂಬಂತೆ ಈ ವಿಷಯದ ಬರಹಗಳು ಸಾಮಾನ್ಯವಾಗಿ ಸಾಗುತ್ತವೆ. ಆದರೆ ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರು, ಇಳಕಲ್ಲಿನ ಮಗ್ಗದ ಮುಂದಿನ ನೇಕಾರರು, ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮೇಲೆ ಬಾಗಿರುವ ಕಾರ್ಮಿಕರು, ಗದ್ದೆಯಲ್ಲಿ ನಾಟಿ ಮಾಡುವವರು, ಇವರೆಲ್ಲರ ಬೆನ್ನು ದಿನವಿಡೀ ಮುಂದಕ್ಕೆ ಬಾಗಿಯೇ ಇರುತ್ತದೆ. ಅವರಿಗೆ ಇನ್ನೊಂದು ಬಾಗುವ ಆಸನ ಏಕೆ ಎಂಬ ಪ್ರಶ್ನೆ ಸಹಜ. ದುಡಿಮೆಯಲ್ಲಿ ಬಾಗುವುದು ಗೂನಾಗಿ, ತೋಳುಗಳು ಮುಂದಕ್ಕೆ ಮುದುಡಿದ ಭಂಗಿಯಲ್ಲಿ. ಈ ಆಸನದಲ್ಲಿ ಬೆನ್ನು ನೀಳವಾಗಿ, ತೋಳುಗಳು ಬಿಚ್ಚಿಕೊಂಡಿರುತ್ತವೆ. ಆದುದರಿಂದ ಅಂಥ ದುಡಿಮೆಯವರು ಅಂಗೈಗಳನ್ನು ಎತ್ತರದಲ್ಲೇ ಇಟ್ಟು ಮಾಡುವುದು ಸೂಕ್ತ. ಮಣೆ ಕೇಳದ, ಚಾಪೆ ಕೇಳದ, ಸೀರೆಯುಟ್ಟೇ ಮಾಡಬಹುದಾದ ಈ ಅಭ್ಯಾಸ ಯೋಗ ತರಗತಿಗಳಿಗೆ ಹೋಗಲಾಗದ ಇವರನ್ನು ಮೊದಲು ತಲುಪಬೇಕಾದದ್ದು ನ್ಯಾಯ.

ಎಷ್ಟು ನಿರೀಕ್ಷಿಸಬಹುದು, ಎಲ್ಲಿ ನಿಲ್ಲಿಸಬೇಕು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನ ಕೆಳಬೆನ್ನಿನ ನೋವನ್ನು ಅನುಭವಿಸುತ್ತಿದ್ದರು, ಮತ್ತು ಅದರಲ್ಲಿ ಸುಮಾರು ಶೇ. 90ರಷ್ಟು ಪ್ರಕರಣಗಳಲ್ಲಿ ನೋವಿಗೆ ನಿರ್ದಿಷ್ಟವಾದ ಒಂದು ರೋಗವನ್ನು ಬೆರಳಿಟ್ಟು ತೋರಿಸಲಾಗುವುದಿಲ್ಲ. ಇಂಥ ದೀರ್ಘಕಾಲದ ನೋವಿಗೆ ಔಷಧಕ್ಕಿಂತ ಮೊದಲು ಪ್ರಯತ್ನಿಸಬಹುದಾದ ಕ್ರಮಗಳಲ್ಲಿ ಯೋಗವನ್ನೂ ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿದೆ. ಆದರೆ ಅದೇ ವರ್ಷ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯು ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ, ವ್ಯಾಯಾಮವನ್ನೇ ಮಾಡದವರಿಗೆ ಹೋಲಿಸಿದರೆ ಯೋಗ ಮಾಡಿದವರ ದೈನಂದಿನ ಚಟುವಟಿಕೆಯ ಸಾಮರ್ಥ್ಯದಲ್ಲಿ ಅಲ್ಪದಿಂದ ಸಾಧಾರಣ ಪ್ರಮಾಣದ ಸುಧಾರಣೆ ಕಂಡುಬಂದಿತೆಂದೂ, ಕೆಲವರಲ್ಲಿ ಬೆನ್ನುನೋವು ಹೆಚ್ಚಾದದ್ದೂ ಉಂಟೆಂದೂ ಹೇಳಿತು. ಒಂದು ಆಸನದಿಂದ ಸ್ಲಿಪ್ ಡಿಸ್ಕ್ ಸರಿಹೋಗುತ್ತದೆ, ಶಸ್ತ್ರಚಿಕಿತ್ಸೆ ತಪ್ಪುತ್ತದೆ ಎಂದು ಭರವಸೆ ಕೊಡುವವರ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಬೇಕು. ದಿನವೂ ನಡೆಯುವುದು, ಕುಳಿತ ಭಂಗಿಯನ್ನು ಆಗಾಗ ಬದಲಿಸುವುದು, ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಇವುಗಳ ಜೊತೆಗೆ ಸೇರಿದಾಗ ಅರ್ಧ ಉತ್ತಾನಾಸನಕ್ಕೆ ತನ್ನದೇ ಆದ ಬೆಲೆಯಿದೆ.

ಮೂಳೆಸವೆತ, ಅಂದರೆ ಮೂಳೆಯ ಸಾಂದ್ರತೆ ಕುಗ್ಗಿ ಅದು ಸುಲಭವಾಗಿ ಮುರಿಯುವಂತಾಗುವ ಆಸ್ಟಿಯೊಪೊರೋಸಿಸ್ ಇರುವವರು, ಅದರಲ್ಲೂ ಮುಟ್ಟು ನಿಂತ ನಂತರದ ವಯಸ್ಸಿನ ಮಹಿಳೆಯರು, ಬೆನ್ನನ್ನು ಗೂನು ಮಾಡಿ ಬಾಗುವುದರಿಂದ ಕಶೇರು ಕುಸಿಯುವ ಅಪಾಯವಿರುವುದರಿಂದ, ವೈದ್ಯರನ್ನು ಕೇಳಿಯೇ, ಅಂಗೈಗಳನ್ನು ಎದೆಯ ಎತ್ತರಕ್ಕಿಂತ ಕೆಳಗಿಳಿಸದೆ ಮಾಡಬೇಕು. ಫ್ರೋಜನ್ ಶೋಲ್ಡರ್ ಎಂದು ಕರೆಯಲಾಗುವ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಕಂಡುಬರುವ ಹೆಗಲಿನ ಜಡ್ಡುಗಟ್ಟುವಿಕೆಯಲ್ಲಿ ನೋವು ತೀವ್ರವಾಗಿರುವ ಹಂತದಲ್ಲಿ ತೋಳನ್ನು ಬಲವಂತವಾಗಿ ಚಾಚಬಾರದು. ಸಯಾಟಿಕ, ಅಂದರೆ ಪೃಷ್ಠದಿಂದ ಕಾಲಿನುದ್ದಕ್ಕೆ ಹರಿಯುವ ನರದ ನೋವು, ಬಾಗಿದಾಗ ಹೆಚ್ಚಾಗುವವರು ಈ ಆಸನವನ್ನು ಬಿಡುವುದೇ ಸರಿ. ಗರ್ಭಿಣಿಯರು ಪಾದಗಳನ್ನು ಇನ್ನಷ್ಟು ಅಗಲವಾಗಿರಿಸಿ, ಅನುಭವಿ ಶಿಕ್ಷಕರ ಕಣ್ಣೆದುರಿನಲ್ಲಿ ಮಾತ್ರ ಮಾಡಬೇಕು.

ಬೆನ್ನುನೋವಿನ ಜೊತೆಗೆ ಮೂತ್ರ ಅಥವಾ ಮಲದ ಮೇಲಿನ ಹತೋಟಿ ತಪ್ಪುವುದು, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಾಗುವುದು, ಕಾಲಿನಲ್ಲಿ ಬಲ ಕುಂದುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಪೆಟ್ಟಿನ ನಂತರ ನೋವು ತೊಡಗುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ವ್ಯಾಯಾಮದಿಂದ ಹೋಗುತ್ತದೆಂದು ಕಾಯುವಂತಿಲ್ಲ. ಎಡ ಹೆಗಲು ಅಥವಾ ತೋಳಿನ ನೋವಿನೊಡನೆ ಎದೆ ಬಿಗಿದು ಬೆವರು ಕಿತ್ತುಬಂದರೆ ಅದು ಹೃದಯಾಘಾತದ ಲಕ್ಷಣವೂ ಆಗಿರಬಹುದು. ಅಂಥ ಹೊತ್ತಿನಲ್ಲಿ ಆಸನವನ್ನು ಬದಿಗಿಟ್ಟು, ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು.